ಮನೆಗೆ ಬೀಗ ಹಾಕುವ ಮೊದಲು ನೀರಿಗೆ ಬೀಗ

ಮಂಗಳೂರಿನಲ್ಲಿ ಮನೆಗಳಿಗೆ ಬೀಗ ಬೀಳುವ ಕಾಲ ಎರಡು. ದುಬೈ, ದೋಹಾ, ಕುವೈತ್‌ಗಳಲ್ಲಿ ಮಕ್ಕಳನ್ನು ಓದಿಸುವವರಿಗೆ ರಜೆ ಸಿಗುವುದು ಜುಲೈ–ಆಗಸ್ಟ್‌ನಲ್ಲಿ. ಅವರು ತುಳುವಿನ ಆಟಿ ತಿಂಗಳ ಮಳೆಯಲ್ಲೇ ಊರಿಗೆ ಬಂದು, ಪತ್ರೊಡೆ ತಿಂದು, ಆಗಸ್ಟ್ ಕೊನೆಗೆ ಬಜ್ಪೆಯಲ್ಲಿ ವಿಮಾನ ಹತ್ತುತ್ತಾರೆ. ಮುಂಬಯಿ, ಬೆಂಗಳೂರಿನವರಿಗೆ ಏಪ್ರಿಲ್–ಮೇ ರಜೆ. ಮದುವೆ, ಭೂತಕೋಲ, ಯಕ್ಷಗಾನ ಎಲ್ಲ ಮುಗಿಸಿಕೊಂಡು, ಕೋಲ–ಯಕ್ಷಗಾನಗಳಿಗೆ ಆ ವರ್ಷದ ತೆರೆ ಬೀಳುವ, ಮೇ 24ರ ಸುಮಾರಿಗೆ ಬರುವ ಪತ್ತನಾಜೆಯ ಹೊತ್ತಿಗೆ ಅವರು ಬಾಗಿಲು ಎಳೆದುಕೊಳ್ಳುತ್ತಾರೆ. ಮೊದಲನೆಯವರ ಮನೆ ಇಡೀ ಒಣಗಾಲ ಸೇರಿ ಎಂಟು–ಹತ್ತು ತಿಂಗಳುಗಳನ್ನು ಒಂಟಿಯಾಗಿ ಕಳೆಯುತ್ತದೆ. ಎರಡನೆಯವರ ಮನೆ ಇಡೀ ಮಳೆಗಾಲವನ್ನು. ಹೊರಡುವ ದಿನ ಗ್ಯಾಸ್ ಬಂದ್ ಆಗುತ್ತದೆ, ಚಿನ್ನ ಲಾಕರಿಗೆ ಹೋಗುತ್ತದೆ, ಕಿಟಕಿಯ ಚಿಲಕವನ್ನು ಎರಡೆರಡು ಸಲ ಎಳೆದು ನೋಡುವುದೂ ಆಗುತ್ತದೆ. ನೀರಿನ ಕೊಳವೆಯ ಕಡೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ.

ಚಳಿದೇಶಗಳಲ್ಲಿ ಕೊಳವೆಯ ನೀರು ಇಳಿಸುವುದೊಂದು ವಾರ್ಷಿಕ ಶಾಸ್ತ್ರ. ಅಮೆರಿಕ, ಕೆನಡಾಗಳಲ್ಲಿ ಬೇಸಗೆಯಿಡೀ ಸುತ್ತಾಡಿದ ಕ್ಯಾಂಪರ್ ವಾಹನವನ್ನು ಚಳಿಗಾಲಕ್ಕೆ ಶೆಡ್ಡಿಗೆ ಹಾಕುವ ಮೊದಲು ಅದರೊಳಗಿನ ಟ್ಯಾಂಕ್, ಹೀಟರ್, ಪೈಪುಗಳ ನೀರನ್ನೆಲ್ಲ ಇಳಿಸುತ್ತಾರೆ. ಗಾಳಿಯ ಕಂಪ್ರೆಸರ್‌ನಿಂದ ಪೈಪುಗಳನ್ನು ಊದಿ ಒಣಗಿಸುತ್ತಾರೆ, ಇಲ್ಲವೇ ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರಾವಣವನ್ನು ಪಂಪು ಮಾಡಿ ತುಂಬುತ್ತಾರೆ. ನೀರು ಮಂಜುಗಡ್ಡೆಯಾಗುವಾಗ ಶೇ. 9ರಷ್ಟು ಹಿಗ್ಗುತ್ತದೆ, ಆ ಒತ್ತಡಕ್ಕೆ ಹಿತ್ತಾಳೆಯ ನಲ್ಲಿಯೂ ಸೀಳಿಹೋಗುತ್ತದೆ. ಮಂಗಳೂರಿನಲ್ಲಿ ಮಂಜಿನ ಭಯವಿಲ್ಲ. ಆದರೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಮೀರಿ ಸುರಿಯುವ ಮಳೆ, ಸೊಳ್ಳೆ, ಹೆಗ್ಗಣ, ಕಡಲಿನ ಉಪ್ಪುಗಾಳಿ, ಏಪ್ರಿಲ್‌ನ ಗುಡುಗು–ಸಿಡಿಲು ಇವೆಲ್ಲ ಸೇರಿದರೆ ಬೀಗ ಹಾಕಿದ ಮನೆಗೆ ಆಗುವ ಪೆಟ್ಟು ಹಿಮಕ್ಕಿಂತ ಕಡಿಮೆಯದ್ದೇನಲ್ಲ.

ಕೆಲಸದ ಸಾರ ಮೂರೇ ಮಾತು. ಪೈಪಿನೊಳಗೆ ಒತ್ತಡ ಇರಬಾರದು. ತೆರೆದ ಜಾಗದಲ್ಲಿ ನೀರು ನಿಲ್ಲಬಾರದು. ಬಚ್ಚಲಿನ ಜಾಲಿಯ ಕೆಳಗಿನ ಟ್ರ್ಯಾಪಿನಲ್ಲಿ ಮಾತ್ರ ನೀರು ಆರಬಾರದು. ಮೂರನೆಯದು ಎರಡನೆಯದಕ್ಕೆ ವಿರುದ್ಧವೆನಿಸುತ್ತದೆ, ಹಾಗಾಗಿ ಹೆಚ್ಚಿನವರು ತಪ್ಪುವುದೂ ಅಲ್ಲಿಯೇ.

ಒತ್ತಡದಿಂದ ಶುರುಮಾಡೋಣ. ನೀರಿನ ಮಟ್ಟ ಹತ್ತು ಮೀಟರ್ ಎತ್ತರದಲ್ಲಿದ್ದರೆ ಕೆಳಗಿನ ನಲ್ಲಿಯ ಮೇಲೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋದಷ್ಟು ಒತ್ತಡ ಬೀಳುತ್ತದೆ. ಬೆಂದೂರ್‌ವೆಲ್, ಕದ್ರಿ, ಬಿಜೈ, ಫಳ್ನೀರ್ ಕಡೆಯ ಹತ್ತು–ಹನ್ನೆರಡು ಮಹಡಿಯ ಅಪಾರ್ಟ್‌ಮೆಂಟುಗಳಲ್ಲಿ, ಒತ್ತಡ ತಗ್ಗಿಸುವ ವಾಲ್ವ್ ಇಲ್ಲದಿದ್ದರೆ, ಕೆಳಗಿನ ಮನೆಗಳ ಪೈಪು ಹಗಲೂ ರಾತ್ರಿ ಇದರ ಮೂರು ಪಟ್ಟು ಭಾರ ಹೊತ್ತು ನಿಂತಿರುತ್ತದೆ. ಮನೆಯಲ್ಲಿ ಜನರಿದ್ದಾಗ ಪೈಪು ಒಡೆದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಬೀಗ ಹಾಕಿದ ಮನೆಯಲ್ಲಿ ಅದು ಮೊದಲು ಗೊತ್ತಾಗುವುದು ಕೆಳಮನೆಯವರಿಗೆ, ಅದೂ ಅವರ ಸೀಲಿಂಗ್ ಹನಿಯಲು ಶುರುವಾದ ಮೇಲೆ. ನಿಮಿಷಕ್ಕೆ ಹತ್ತು ಲೀಟರ್ ಸುರಿದರೆ ಒಂದು ದಿನಕ್ಕೆ 14,400 ಲೀಟರ್. ಬಾತ್‌ರೂಮಿನ ನೆಲದ ಜಾಲಿಗೆ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿದ್ದರೆ ಅಷ್ಟೂ ನೀರು ಹಾಲಿನ ಕಡೆಗೇ ಹರಿಯುತ್ತದೆ.

ಹೆಚ್ಚಾಗಿ ಒಡೆಯುವುದು ಗೋಡೆಯೊಳಗಿನ ಪೈಪಲ್ಲ. ಕಮೋಡಿನ ಪಕ್ಕದ ಹೆಲ್ತ್ ಫಾಸೆಟ್ಟಿನ ತೆಳು ಪೈಪು, ಫ್ಲಷ್ ಟ್ಯಾಂಕಿಗೆ ಮತ್ತು ವಾಶ್‌ಬೇಸಿನ್ನಿಗೆ ಹೋಗುವ ಕನೆಕ್ಷನ್ ಪೈಪು, ವಾಷಿಂಗ್ ಮೆಷಿನ್ನಿನ ಇನ್‌ಲೆಟ್ ಪೈಪು: ಕೈಕೊಡುವವು ಇವೇ. ಹೆಲ್ತ್ ಫಾಸೆಟ್ಟಿನ ಗುಂಡಿ ಬಿಟ್ಟ ಮಾತ್ರಕ್ಕೆ ನೀರು ನಿಂತಂತಲ್ಲ. ಅದರ ಹಿಂದಿನ ಪೈಪಿನಲ್ಲಿ ಪೂರ್ತಿ ಒತ್ತಡ ಹಾಗೇ ಇರುತ್ತದೆ. ಹೊರಡುವಾಗ ಗೋಡೆಯ ಆಂಗಲ್ ಕಾಕನ್ನೇ ತಿರುಗಿಸಿ ಬಂದ್ ಮಾಡಬೇಕು, ಆಮೇಲೆ ಗುಂಡಿ ಒತ್ತಿ ಪೈಪಿನಲ್ಲಿ ಉಳಿದ ನೀರನ್ನು ಇಳಿಸಬೇಕು.

ಅದಕ್ಕೂ ಮೊದಲು ಮನೆಯ ಮೇನ್ ವಾಲ್ವ್. ಅದು ಎಲ್ಲಿದೆ ಎಂದು ಮನೆಯವರನ್ನು ಕೇಳಿ ನೋಡಿದರೆ ತಮಾಷೆ ತಿಳಿಯುತ್ತದೆ. ಒಬ್ಬರು ಅಡುಗೆಮನೆಯ ಸಿಂಕಿನ ಕೆಳಗೆ ಕೈ ತೋರಿಸುತ್ತಾರೆ, ಇನ್ನೊಬ್ಬರು ತಾರಸಿಗೆ. ಸಿಕ್ಕಿದ ಮೇಲೂ ತಿರುಗುವ ಖಾತ್ರಿ ಇಲ್ಲ. ಹಳೆಯ ಗೇಟ್ ವಾಲ್ವನ್ನು ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ತುಕ್ಕು, ಸುಣ್ಣ ಹಿಡಿದು ಬಿಗಿಯಾಗುತ್ತದೆ. ಪಣಂಬೂರು, ಉಳ್ಳಾಲದಂಥ ಕಡಲಬದಿಯಲ್ಲಿ ಇದು ಇನ್ನೂ ಬೇಗ. ಪ್ಲಂಬರ್ ಸ್ಪ್ಯಾನರ್ ಹಿಡಿದು ನಿಂತು, "ಎಂತ ಮಾಡುದು ಮಾರಾಯ್ರೆ, ಇದು ತಿರುಗುದೇ ಇಲ್ಲ. ಜೋರು ಮಾಡಿದ್ರೆ ಮುರಿದೇ ಹೋಗ್ತದೆ" ಎಂದು ಕೈಚೆಲ್ಲುವುದು ಇಂಥ ವಾಲ್ವಿನ ಮುಂದೆಯೇ. ಹಾಗಿದ್ದರೆ ಅದನ್ನು ತೆಗೆಸಿ, ಕಾಲು ಸುತ್ತಿಗೆ ಬಂದ್ ಆಗುವ ಬಾಲ್ ವಾಲ್ವ್ ಹಾಕಿಸುವುದೇ ಒಳ್ಳೆಯದು. ಈ ಕೆಲಸ ಪ್ರಯಾಣದ ಹಿಂದಿನ ದಿನಕ್ಕೆ ಬೇಡ. ಪಿವಿಸಿ ಜೋಡಣೆಯ ಅಂಟು ಚೆನ್ನಾಗಿ ಒಣಗಿ, ಅದರ ಮೇಲೆ ಒತ್ತಡ ಬಿದ್ದು, ಒಂದು ವಾರ ಸೋರದೆ ನಿಂತದ್ದನ್ನು ಕಣ್ಣಾರೆ ನೋಡಿ ಹೊರಡಬೇಕು.

ಸೋರಿಕೆ ಇದೆಯೇ ಎಂದು ನೋಡಲು ಮೀಟರೇ ಸಾಕು. ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕು ತುಂಬಿ ಫ್ಲೋಟ್ ವಾಲ್ವ್ ನಿಂತ ಮೇಲೆ ಮೀಟರಿನ ಅಂಕಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಎರಡು ಗಂಟೆ ಬಿಟ್ಟು, ನೀರು ಬರುವ ಹೊತ್ತಿನಲ್ಲೇ, ಮತ್ತೆ ನೋಡಿ. ಅಂಕಿ ಸರಿದಿದ್ದರೆ ಎಲ್ಲೋ ಸೋರುತ್ತಿದೆ. ಟ್ಯಾಂಕಿನಿಂದ ಕೆಳಗಿನ ಸೋರಿಕೆಗೆ ಟ್ಯಾಂಕಿನ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದು ರಾತ್ರಿಯಿಡೀ ಬಿಟ್ಟರಾಯಿತು.

ಮೇನ್ ವಾಲ್ವ್ ಬಂದ್ ಮಾಡಿದ ಮೇಲೆ ಮನೆಯ ಅತಿ ಎತ್ತರದ ನಲ್ಲಿ ಒಂದು, ಅತಿ ತಗ್ಗಿನ ನಲ್ಲಿ ಒಂದು ತೆರೆಯಬೇಕು. ಮೇಲಿನದು ಗಾಳಿ ಎಳೆದುಕೊಂಡರೆ ಕೆಳಗಿನದರಲ್ಲಿ ಪೈಪಿನ ನೀರು ಇಳಿಯುತ್ತದೆ. ಇಳಿದು ಮುಗಿದ ಮೇಲೆ ಎರಡನ್ನೂ ಮರೆಯದೆ ಮುಚ್ಚಬೇಕು. ಮಂಗಳೂರಿನಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ನಗರಕ್ಕೆ ನೀರು ಬರುವುದು ಬಂಟ್ವಾಳ ತಾಲ್ಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. ಹೊಳೆ ಬತ್ತಿದ 2016, 2019, 2023ರ ಬೇಸಗೆಗಳಲ್ಲಿ ನಗರದಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಯಿತು. ಹೊರಡುವ ಗಡಿಬಿಡಿಯಲ್ಲಿ ನಲ್ಲಿ ತಿರುಗಿಸಿ, ನೀರಿಲ್ಲವೆಂದು ಹಾಗೇ ಬಿಟ್ಟು ಹೋದರೆ ಮರುದಿನ ನೀರು ಬಂದಾಗ ಮನೆಯಲ್ಲಿ ಮುಚ್ಚುವವರು ಯಾರು?

ಇನ್ನು ಬಚ್ಚಲು. ಬಾತ್‌ರೂಮಿನ ನೆಲದ ಜಾಲಿಯ ಕೆಳಗೆ ಬಟ್ಟಲಿನಂಥದ್ದೊಂದು ಇರುತ್ತದೆ. ಪ್ಲಂಬರುಗಳು ಅದನ್ನು ನಹಾನಿ ಟ್ರ್ಯಾಪ್ ಎನ್ನುತ್ತಾರೆ. ವಾಶ್‌ಬೇಸಿನ್, ಸಿಂಕಿನ ಕೆಳಗಿನ ಡೊಂಕು ಪೈಪಿನದೂ ಅದೇ ಕೆಲಸ. ಅಲ್ಲಿ ಸದಾ ನಿಲ್ಲುವ ಐದು ಸೆಂಟಿಮೀಟರ್‌ನಷ್ಟು ನೀರೇ ಚರಂಡಿಗೂ ಮನೆಗೂ ನಡುವಿನ ಬಾಗಿಲು. ದಿನವೂ ಸ್ನಾನ ನಡೆಯುವ ಮನೆಯಲ್ಲಿ ಅದು ತನ್ನಷ್ಟಕ್ಕೆ ತುಂಬುತ್ತಿರುತ್ತದೆ. ಮನೆ ಖಾಲಿಯಾದರೆ ಆ ನೀರು ಆವಿಯಾಗಿ ಹೋಗುತ್ತದೆ, ಡಿಸೆಂಬರಿನಿಂದ ಮೇ ವರೆಗಿನ ಒಣ ಬಿಸಿಯಲ್ಲಿ ಇನ್ನೂ ಬೇಗ. ಆಮೇಲೆ ಚರಂಡಿಯ ನಾತ ನೇರ ಒಳಗೆ ಬರುತ್ತದೆ, ಅದರ ಹಿಂದೆಯೇ ಜಿರಳೆ, ಅದರ ಹಿಂದೆ ಇಲಿ. ಗಲ್ಫಿನಿಂದ ಜೂನ್ ಕೊನೆಗೆ ಬಂದು ಬಾಗಿಲು ತೆರೆದವರು ಮೂಗು ಮುಚ್ಚಿಕೊಳ್ಳುವುದಕ್ಕೆ ಹೆಚ್ಚಿನ ಸಲ ಕಾರಣ ಇಷ್ಟೇ.

ನಾತಕ್ಕಿಂತ ದೊಡ್ಡ ಅಪಾಯಕ್ಕೂ ಉದಾಹರಣೆ ಇದೆ. 2003ರಲ್ಲಿ ಹಾಂಗ್‌ಕಾಂಗಿನ ಅಮೊಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿಗೆ ಸಾರ್ಸ್ ಸೋಂಕು ತಗಲಿತು. ತನಿಖೆಯಲ್ಲಿ ಹೊರಬಂದ ಕಾರಣಗಳಲ್ಲಿ ಬಾತ್‌ರೂಮುಗಳ ಒಣಗಿದ ಟ್ರ್ಯಾಪೂ ಒಂದು. ನೀರಿನ ತಡೆ ಇಲ್ಲದ ಜಾಲಿಯ ಮೂಲಕ, ಎಕ್ಸಾಸ್ಟ್ ಫ್ಯಾನಿನ ಸೆಳೆತಕ್ಕೆ, ಕೊಳಚೆ ಪೈಪಿನೊಳಗಿನ ಗಾಳಿ ಮನೆಗಳಿಗೆ ನುಗ್ಗಿತ್ತು.

ಪರಿಹಾರ ಅಗ್ಗದ್ದು. ಹೊರಡುವ ದಿನ ಪ್ರತಿ ಜಾಲಿಗೂ ಒಂದೊಂದು ಕೊಡಪಾನ ನೀರು ಹೊಯ್ದು, ಅದರ ಮೇಲೆ ಎರಡು–ಮೂರು ದೊಡ್ಡ ಚಮಚ ಎಣ್ಣೆಯನ್ನು ಮೆಲ್ಲಗೆ ಬಿಡುವುದು. ನೀರಿನ ಮೇಲೆ ತೇಲುವ ಎಣ್ಣೆ ಆವಿಯನ್ನು ತಡೆಯುತ್ತದೆ, ಸೊಳ್ಳೆಯ ಮರಿಗೆ ಉಸಿರಾಡಲೂ ಬಿಡುವುದಿಲ್ಲ. ಕರಾವಳಿಯವರ ಕೈ ಸಹಜವಾಗಿ ತೆಂಗಿನೆಣ್ಣೆಗೆ ಹೋಗುತ್ತದೆ. ತಿಂಗಳೊಪ್ಪತ್ತಿಗಾದರೆ ಅಡ್ಡಿಯಿಲ್ಲ; ಅದಕ್ಕಿಂತ ಹೆಚ್ಚಾದರೆ ಅದು ಕಮಟು ಹಿಡಿಯುತ್ತದೆ, ಇರುವೆ ಜಿರಳೆಗಳನ್ನು ಕರೆಯುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಕೆಡುವುದಿಲ್ಲ, ಅದನ್ನೇ ಬಳಸುವುದು ಲೇಸು. ಎಣ್ಣೆ ಬಿಟ್ಟ ಮೇಲೆ ಜಾಲಿಯ ಮೇಲೊಂದು ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮರಳಿನ ಸಣ್ಣ ಚೀಲ. ಇಲಿಗೂ ಅಷ್ಟು ಸುಲಭವಾಗಿ ಎತ್ತಲಾಗದು. ಫ್ಲಷ್ ಟ್ಯಾಂಕಿನ ಕಾಕ್ ಬಂದ್ ಮಾಡಿ, ಒಮ್ಮೆ ಫ್ಲಷ್ ಮಾಡಿ, ತಳದಲ್ಲಿ ಉಳಿದ ನೀರನ್ನು ಸ್ಪಂಜಿನಿಂದ ಒರೆಸಬೇಕು. ಕಮೋಡಿಗೆ ಮಾತ್ರ ಒಂದು ಚೊಂಬು ನೀರು, ಅದೇ ಎಣ್ಣೆ, ಮೇಲೆ ಅಂಟುಪಟ್ಟಿಯಲ್ಲಿ ಬಿಗಿದ ಪ್ಲಾಸ್ಟಿಕ್, ಆಮೇಲೆ ಮುಚ್ಚಳ.

ಸೊಳ್ಳೆಯ ವಿಷಯದಲ್ಲಿ ಮಂಗಳೂರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1990ರ ದಶಕದಿಂದ ನಗರ ಮಲೇರಿಯಾದೊಂದಿಗೆ ಹೆಣಗಿದೆ. 2015ರಲ್ಲಿ ಪಾಲಿಕೆ, ಪ್ರತಿ ಪ್ರಕರಣವನ್ನೂ ಟ್ಯಾಬ್ಲೆಟ್ ಮೂಲಕ ದಾಖಲಿಸಿ ಬೆನ್ನುಹತ್ತುವ ವ್ಯವಸ್ಥೆ ತಂದ ಮೇಲೆ ಸಂಖ್ಯೆ ಬಹಳ ಇಳಿಯಿತು. ಇಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಗೆ ಕೊಳಚೆ ಬೇಡ. ತಾರಸಿಯ ಟ್ಯಾಂಕು, ಬಾವಿಯಂಥ ಶುದ್ಧ ನೀರೇ ಇಷ್ಟ. 2019ರ ಮಳೆಗಾಲದಲ್ಲಿ ಗುಜ್ಜರಕೆರೆಯ ಸುತ್ತಮುತ್ತ ಡೆಂಗಿ ಹಬ್ಬಿದಾಗ ಮನೆ ಮನೆಯ ನೀರಿನ ಪಾತ್ರೆಗಳನ್ನು ತಪಾಸಣೆ ಮಾಡಬೇಕಾಯಿತು. ಕಾರ್ಯಕರ್ತರು ಬಂದಾಗ ಬೀಗ ಕಂಡರೆ ಮಾಡುವುದೇನು? ಗೇಟಿನಿಂದಲೇ ಹಿಂದಿರುಗಬೇಕಾಗುತ್ತದೆ, ಮರಿಗಳು ಹತ್ತು ದಿನದೊಳಗೆ ಸೊಳ್ಳೆಗಳಾಗಿ ಪಕ್ಕದ ಮನೆಗೆ ಹಾರುತ್ತವೆ. ಡೆಂಗಿ ಸೊಳ್ಳೆಯ ಮೊಟ್ಟೆಯಂತೂ ಒಣಗಿದ ಟ್ಯಾಂಕಿನ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಕಾಯುತ್ತದೆ, ನೀರು ಮುಟ್ಟಿದೊಡನೆ ಒಡೆಯುತ್ತದೆ. ಹಾಗಾಗಿ ಟ್ಯಾಂಕಿನ ನೀರು ಚೆಲ್ಲಿದರಷ್ಟೇ ಸಾಲದು, ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಬೇಕು.

ಟ್ಯಾಂಕನ್ನು ಖಾಲಿ ಬಿಡಬೇಕೇ, ತುಂಬಿಸಿಡಬೇಕೇ? ಇದಕ್ಕೆ ಒಂದೇ ಉತ್ತರ ಇಲ್ಲ. ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕು ತುಂಬಿದ್ದರೆ ಒಂದು ಟನ್ ತೂಕ, ಖಾಲಿಯಾದರೆ ಇಬ್ಬರು ಎತ್ತಿ ಇಡಬಹುದು. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಹಾದುಹೋದಾಗಿನಂಥ ಗಾಳಿಗೆ ಖಾಲಿ ಟ್ಯಾಂಕು ತನ್ನ ಪೈಪುಗಳನ್ನೂ ಕಿತ್ತುಕೊಂಡು ಉರುಳಬಹುದು. ತಾರಸಿಗೆ ಶೀಟು ಹಾಸಿ, ಅದರ ಅಡಿಯಲ್ಲಿ ಟ್ಯಾಂಕು ಇದ್ದರೆ ಖಾಲಿ ಮಾಡಿ, ಉಜ್ಜಿ, ಒಣಗಿಸಿ, ಮುಚ್ಚಳ ಬಿಗಿಯುವುದೇ ಸರಿ. ಬಯಲಿನಲ್ಲಿದ್ದರೆ ತುಂಬಿಸಿ, ಮುಚ್ಚಳವನ್ನು ಹಗ್ಗದಿಂದ ಕಟ್ಟಿ, ಓವರ್‌ಫ್ಲೋ ಪೈಪಿನ ಬಾಯಿಗೂ ಗಾಳಿಯ ತೂತಿಗೂ ನೈಲಾನ್ ಬಲೆ ಬಿಗಿದು ಬಿಡುವುದು ವಾಸಿ. ಅರ್ಧಂಬರ್ಧ ನೀರು, ಸಡಿಲ ಮುಚ್ಚಳ ಮಾತ್ರ ಯಾವ ಲೆಕ್ಕಕ್ಕೂ ಬೇಡ. ಸೆಪ್ಟಿಕ್ ಟ್ಯಾಂಕಿನ ಗಾಳಿ ಪೈಪಿಗೂ ಇದೇ ಬಲೆ ಕಟ್ಟಿಸಿ. ಕ್ಯೂಲೆಕ್ಸ್ ಸೊಳ್ಳೆಗಳ ತವರು ಅದು.

ಗೀಸರ್ ಕುರಿತು ಎರಡೇ ಮಾತು. ಮೊದಲು ಅದರ ಎಂಸಿಬಿ ಕೆಳಗೆ, ಆಮೇಲೆ ನೀರು ಬಂದ್. ಒಂದೆರಡು ತಿಂಗಳಿಗಿಂತ ಹೆಚ್ಚು ಮನೆ ಬಿಡುವುದಾದರೆ ಒಳಗಿನ ನೀರನ್ನು ಇಳಿಸಿಬಿಡಿ, ಸ್ವಿಚ್ಚಿನ ಮೇಲೆ "ನೀರಿಲ್ಲ" ಎಂದು ಚೀಟಿ ಅಂಟಿಸಿ. ಬಂದ ದಿನವೇ ಯಾರೋ ಖಾಲಿ ಗೀಸರ್ ಹಾಕಿ ಕಾಯಿಲ್ ಸುಟ್ಟುಕೊಂಡ ಕತೆ ಪ್ರತಿ ಎಲೆಕ್ಟ್ರಿಷಿಯನ್ ಬಳಿಯೂ ಇರುತ್ತದೆ.

ಸೋಲಾರ್ ಹೀಟರಿನದು ಇದಕ್ಕೆ ತದ್ವಿರುದ್ಧ. ಗಾಜಿನ ಕೊಳವೆಯ ಸೋಲಾರ್‌ಗೆ ಬಿಸಿಲು ಬಂದ್ ಮಾಡುವ ಸ್ವಿಚ್ಚಿಲ್ಲ. ತಾರಸಿಯ ವಾಲ್ವ್ ಮುಚ್ಚಿ ಅದರ ನೀರು ನಿಲ್ಲಿಸಿದರೆ ಕೊಳವೆಗಳು ಒಣಗಿ ಕಾದು ಕೆಂಡವಾಗುತ್ತವೆ. ಮುಂದೊಂದು ದಿನ ಮಧ್ಯಾಹ್ನ ಅದಕ್ಕೆ ತಣ್ಣೀರು ಹರಿದರೆ ಗಾಜು ಚಟ್ಟೆಂದು ಸಿಡಿಯುತ್ತದೆ. ಹೊರಡುವ ಮೊದಲು ದಪ್ಪ ಬಟ್ಟೆ ಅಥವಾ ಟಾರ್ಪಾಲು ಹೊದೆಸಿ ಬಿಗಿಯಾಗಿ ಕಟ್ಟಬೇಕು. ಮರಳಿ ನೀರು ತುಂಬಿಸುವುದು ಬೆಳಗಾಗುವ ಮೊದಲು ಅಥವಾ ರಾತ್ರಿ, ಕೊಳವೆಗಳು ತಣ್ಣಗಿರುವಾಗ ಮಾತ್ರ.

ವಾಷಿಂಗ್ ಮೆಷಿನ್ನಿನ ಕೆಳಗಿನ ಫಿಲ್ಟರ್ ಬಿಚ್ಚಿ ನೀರು ಬಸಿಯಬೇಕು, ಬಾಗಿಲನ್ನು ಸ್ವಲ್ಪ ತೆರೆದೇ ಬಿಡಬೇಕು. ಕುಡಿಯುವ ನೀರಿನ ಫಿಲ್ಟರಿನ ಟ್ಯಾಂಕು ಖಾಲಿಯಾಗಲಿ, ಒಳಗಿನ ಕ್ಯಾಂಡಲ್, ಕಾರ್ಟ್ರಿಜ್‌ಗಳನ್ನು ಮರಳಿ ಬಂದ ಮೇಲೆ ಹೊಸದಾಗಿ ಹಾಕಿಸಿದರಾಯಿತು.

ಬಾವಿ ಇರುವ ಮನೆಗಳಲ್ಲಿ ಪಂಪಿನ ಚಿಂತೆ ಬೇರೆ. ಸಬ್‌ಮರ್ಸಿಬಲ್ ಪಂಪನ್ನು ತಿಂಗಳುಗಟ್ಟಲೆ ಓಡಿಸದಿದ್ದರೆ ಕೆಸರು, ಸುಣ್ಣ ಕಟ್ಟಿ ಜಾಮ್ ಆಗುವುದುಂಟು. ಸ್ಟಾರ್ಟರ್ ಪೆಟ್ಟಿಗೆಯೊಳಗೆ ಹಲ್ಲಿ, ಇರುವೆ ಸಂಸಾರ ಹೂಡುತ್ತವೆ. ತನ್ನಿಂತಾನೇ ಟ್ಯಾಂಕು ತುಂಬಿಸುವ ಆಟೊಮ್ಯಾಟಿಕ್ ಸ್ವಿಚ್ಚನ್ನು ನಂಬಿ ಬಿಟ್ಟು ಹೋಗುವುದಂತೂ ಬೇಡವೇ ಬೇಡ: ಎಲ್ಲೋ ಒಂದು ಸೋರಿಕೆ ಇದ್ದರೆ ಪಂಪು ತುಂಬಿಸುತ್ತಲೇ ಇರುತ್ತದೆ, ಬಾವಿ ಬತ್ತಿದರೆ ನೀರಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಪಂಪಿನ ಮೇನ್ ಆಫ್ ಇರಲಿ. ತಿಂಗಳಿಗೊಮ್ಮೆ ನಂಬಿಕೆಯವರು ಬಂದು ಐದು ನಿಮಿಷ ಎದುರಿಗೇ ನಿಂತು ಓಡಿಸಲಿ. ಬಾವಿಯ ಬಾಯಿಗೆ ಬಲೆ ಹಾಕಿದ್ದರೆ ಎಲೆ ಬೀಳುವುದೂ ತಪ್ಪುತ್ತದೆ, ಸೊಳ್ಳೆಯೂ ತಪ್ಪುತ್ತದೆ.

ಪತ್ತನಾಜೆಗೆ ಬೀಗ ಹಾಕುವವರು ಇದರ ಜತೆಗೆ ಮಳೆಯ ನೀರಿನ ದಾರಿಯನ್ನೂ ನೋಡಬೇಕು. ಜುಲೈಯಲ್ಲಿ ಒಂದೇ ದಿನ ನೂರು ಮಿಲಿಮೀಟರ್ ಸುರಿಯುವುದು ಇಲ್ಲಿ ಸುದ್ದಿಯೇ ಅಲ್ಲ. ನೂರು ಚದರ ಮೀಟರಿನ ತಾರಸಿಯ ಮೇಲೆ ಅದು ಹತ್ತು ಸಾವಿರ ಲೀಟರ್ ಆಗುತ್ತದೆ. ಮಾವು, ಹಲಸಿನ ಎಲೆ ಕಟ್ಟಿಕೊಂಡು ಪೈಪಿನ ಬಾಯಿ ಮುಚ್ಚಿದರೆ ಅಷ್ಟೂ ನೀರು ತಾರಸಿಯಲ್ಲೇ ಕೆರೆಯಾಗಿ, ಮೆಟ್ಟಿಲಿನ ಬಾಗಿಲ ಸಂದಿಯಿಂದ ಒಳಗಿಳಿಯುತ್ತದೆ. ಹೆಂಚಿನ ಮನೆಯಾದರೆ ಮಾಡಿನ ಅಂಚಿನ ದಂಬೆ ಗುಡಿಸಬೇಕು. ಇದೆಲ್ಲ ಮೇ ಎರಡನೇ ವಾರಕ್ಕೇ ಮುಗಿಯಲಿ, ಜೂನಿನ ಮುಂಗಾರಿಗೆ ಕಾಯುವುದು ಬೇಡ. 2018ರ ಮೇ 29ರಂದು ನಗರದ ಬೀದಿಗಳು ಹೊಳೆಯಾದದ್ದು ನೆನಪಿರುವವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ.

ಕೊಟ್ಟಾರ ಚೌಕಿ, ಪಂಪ್‌ವೆಲ್ ಆಸುಪಾಸಿನಂಥ ತಗ್ಗು ಜಾಗದಲ್ಲಿ ನೆಲಮಹಡಿಯ ಮನೆಯಿದ್ದರೆ ಇನ್ನೊಂದು ಕೆಲಸ. ಮಳೆನೀರು ಒಳಚರಂಡಿಗೆ ನುಗ್ಗಿ ತುಂಬಿಕೊಂಡಾಗ ಕೊಳಚೆ ಹಿಮ್ಮುಖವಾಗಿ ಬಾತ್‌ರೂಮಿನ ಜಾಲಿಯಿಂದಲೇ ಉಕ್ಕಬಹುದು. ಮನೆಯಿಂದ ಹೊರಹೋಗುವ ಪೈಪಿಗೆ ಚೇಂಬರಿನ ಬಳಿ ಒಂದೇ ದಿಕ್ಕಿಗೆ ತೆರೆಯುವ ವಾಲ್ವ್ ಹಾಕಿಸಿದರೆ ಈ ಕಾಟ ತಪ್ಪುತ್ತದೆ. ಸ್ವಲ್ಪ ಖರ್ಚಿನ ಬಾಬು ನಿಜ, ಆದರೆ ಮೂರು ತಿಂಗಳು ಕೊಳೆತ ಕೊಳಚೆಯನ್ನು ತೊಳೆಸುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಮರಳಿ ಬಂದ ದಿನದ ಕ್ರಮವೂ ಮುಖ್ಯ. ಕಿಟಕಿಗಳನ್ನು ತೆರೆದು, ಜಾಲಿಗಳಿಗೆಲ್ಲ ನೀರು ಹೊಯ್ದ ಮೇಲೆ ಮೇನ್ ವಾಲ್ವನ್ನು ಕಾಲುಭಾಗವಷ್ಟೇ ತೆರೆಯಿರಿ. ಖಾಲಿ ಪೈಪಿಗೆ ನೀರು ಒಮ್ಮೆಲೇ ನುಗ್ಗಿದರೆ ಸಿಕ್ಕಿಬಿದ್ದ ಗಾಳಿ ಧಡಧಡ ಬಡಿದು ಜೋಡಣೆಗಳನ್ನು ಸಡಿಲಿಸುತ್ತದೆ. ನಲ್ಲಿಗಳು ಉಗುಳಿ ಉಗುಳಿ, ಕಂದು ನೀರು ಹೋಗಿ, ತಿಳಿನೀರು ಬರುವವರೆಗೆ ಹರಿಯಲಿ. ಶವರಿನ ತಲೆಯನ್ನು ಬಿಚ್ಚಿಟ್ಟೇ ಮೊದಲ ನೀರನ್ನು ಬಿಡಬೇಕು. ನಿಂತ ಉಗುರುಬೆಚ್ಚಗಿನ ನೀರಿನಲ್ಲಿ ಬೆಳೆಯುವ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಕುಡಿದಾಗಲ್ಲ, ತುಂತುರಿನ ಜತೆ ಉಸಿರಿಗೆ ಹೋದಾಗ ನ್ಯುಮೋನಿಯಾ ತರುತ್ತದೆ. ಗೀಸರ್ ತುಂಬಿತೆಂದು ಬಿಸಿನೀರಿನ ನಲ್ಲಿಯಲ್ಲಿ ನೋಡಿ ಖಾತ್ರಿ ಮಾಡಿಕೊಂಡ ಮೇಲೆ 60 ಡಿಗ್ರಿ ದಾಟುವಷ್ಟು ಕಾಯಿಸಿ, ಆ ಮೊದಲ ನೀರನ್ನು ಚೆಲ್ಲಿಬಿಡಿ. ಬಾವಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಬ್ಲೀಚಿಂಗ್ ಪುಡಿಯನ್ನು ಬಕೆಟಿನಲ್ಲಿ ಕಲಸಿ, ತಿಳಿಯನ್ನಷ್ಟೇ ಹಾಕಿ, ಒಂದು ಗಂಟೆಯಾದರೂ ಬಿಟ್ಟು ಬಳಸಬೇಕು.

ಬೀಗದ ಕೈಯನ್ನು ಪಕ್ಕದ ಮನೆಯ ಅಕ್ಕನಿಗೋ ವಾಚ್‌ಮನ್ನಿಗೋ ಕೊಟ್ಟು ಹೋಗುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಈ ಸಲ ಕೈ ಕೊಡುವಾಗ ಅವರನ್ನು ಒಳಗೆ ಕರೆದು, ಮೇನ್ ವಾಲ್ವ್ ಎಲ್ಲಿದೆ ಎಂದು ತೋರಿಸಿ, ಅದಕ್ಕೆ ಕೆಂಪು ಬಣ್ಣ ಬಳಿದು, ಅವರ ಕೈಯಿಂದಲೇ ಒಮ್ಮೆ ತಿರುಗಿಸಿ ನೋಡಿಸಿ. ನಿಮ್ಮ ಪ್ಲಂಬರಿನ ಫೋನ್ ನಂಬರನ್ನು ಬಾಗಿಲಿನ ಒಳಬದಿಗೆ ಅಂಟಿಸಿ ಹೊರಡಿ.